ಮಾವನ ಬಸ್ಕಿಯೂ ನನ್ನ ಸೊನ್ನೆಯೂ

ಮೊನ್ನೆ ಬೆಳಿಗ್ಗೆ ನಮ್ಮಮ್ಮ ಸೌತೆಕಾಯಿ ಹೆಚ್ಚಲೆಂದು ಈಳಿಗೆಮಣೆಯ ಮೇಲೆ ಕೂತಳು. ಎದುರಿಗೆ ಕಾಫಿ ಹೀರುತ್ತಿದ್ದ ನಾನು, ಯಾರೂ ಕೇಳದಿದ್ದರೂ, "ಗುಡ್ ರೆಪ್" ಅಂದೆ.

"ಏನಂದೆ?"

"ಚೆನ್ನಾಗಿ ಕೂತೆ ಅಂದೆ ಕಣಮ್ಮ. ಸೊಂಟ ಮಂಡಿಗಿಂತ ಕೆಳಗೆ ಹೋಯ್ತು."

"ಮದುವೆಯಾದಾಗಿಂದ ಇದರ ಮೇಲೇ ಕೂತಿದೀನಿ, ಇವತ್ತು ಪಾಸ್ ಮಾಡ್ಬುಟ್ಟ ನೋಡು ಮಹಾರಾಯ. ಅಂಗೇ ಎದ್ದು ಕೊತ್ತಂಬರಿ ಸೊಪ್ಪು ತಗೊಂಡು ಬಾ."

ಎದ್ದೆ. ಎದ್ದವನು ಮಂಡಿ ಪೂರ್ತಿ ನೆಟ್ಟಗೆ ಮಾಡಿ, ಸೊಂಟ ಬಿಗಿದು, ಒಂದು ಗಳಿಗೆ ಕಂಬದ ಹಾಗೆ ನಿಂತು, ಆಮೇಲೆ ಫ್ರಿಜ್ಜಿನ ಕಡೆ ಹೊರಟೆ. ಇದು ನನಗೆ ಅಂಟಿಕೊಂಡಿರುವ ರೋಗ. ಬಸ್ ಸ್ಟಾಪಿನ ಕಟ್ಟೆಯ ಮೇಲೆ ಯಾರಾದರೂ ಕೂತರೆ ಅವರ ಮುಖ ನೋಡುವುದಿಲ್ಲ, ಮಂಡಿ ನೋಡುತ್ತೇನೆ. ದೇವಸ್ಥಾನದಲ್ಲಿ ಸಾಷ್ಟಾಂಗ ಹಾಕುವವರ ಎದೆ ನೆಲಕ್ಕೆ ತಾಗಿತೋ ಇಲ್ಲವೋ ಎಂದು ಬಗ್ಗಿ ನೋಡಿ, ಅರ್ಚಕರಿಂದ ಬೈಸಿಕೊಂಡಿದ್ದೇನೆ. ಮಾರುಕಟ್ಟೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹೂ ಕಟ್ಟುವ ಹೆಂಗಸರನ್ನು ಕಂಡರೆ ಕೈಯೆತ್ತಿ ಮುಗಿಯಬೇಕು ಅನಿಸುತ್ತದೆ. ಅಷ್ಟು ಆಳ ನಮ್ಮ ಜಿಮ್ಮಿನಲ್ಲಿ ಯಾರೂ ಹೋಗಿಲ್ಲ, ನಾನಂತೂ ಹೋಗೇ ಇಲ್ಲ.

ನಿಮಗೆ ಹೇಳಲೇ ಇಲ್ಲ ಅಲ್ಲವೇ, ನಾನೊಬ್ಬ ಜಡ್ಜ್. ಕರಿ ಕೋಟು ಹಾಕುವ ಜಡ್ಜ್ ಅಲ್ಲ, ಕರಿ ಟೀಶರ್ಟು ಹಾಕುವ ಜಡ್ಜ್. ಈಗ ಊರಲ್ಲಿ ಫಿಟ್‌ನೆಸ್ ಸ್ಪರ್ಧೆಗಳು ನಡೆಯುತ್ತವೆ. ಜನ ಭಾರ ಎತ್ತುತ್ತಾರೆ, ಓಡುತ್ತಾರೆ, ಕಂಬಿಗೆ ಜೋತು ಬೀಳುತ್ತಾರೆ, ಬಸ್ಕಿ ಹೊಡೆಯುತ್ತಾರೆ. ಒಬ್ಬೊಬ್ಬರ ಮುಂದೆಯೂ ಒಬ್ಬ ಜಡ್ಜ್ ನಿಂತು, ಒಂದೊಂದು ಸಲವೂ, ಅದಕ್ಕೆ ರೆಪ್ ಅನ್ನುತ್ತಾರೆ, ಅದನ್ನು ಸರಿಯಾಗಿ ಮಾಡಿದರೋ ಇಲ್ಲವೋ ನೋಡಬೇಕು. ಸರಿಯಿದ್ದರೆ ಎಣಿಸಬೇಕು. ಇಲ್ಲದಿದ್ದರೆ ಎದೆಯ ಮುಂದೆ ಎರಡೂ ಕೈ ಅಡ್ಡ ಮಾಡಿ "ನೋ ರೆಪ್" ಅನ್ನಬೇಕು. ಬೆವರು ಸುರಿಸಿ, ಕಣ್ಣು ಮೇಲೆ ಮಾಡಿಕೊಂಡು, ಜೀವವೇ ಹೋಗುತ್ತಿದೆ ಎಂಬಂತೆ ಏಳುತ್ತಿರುವ ಮನುಷ್ಯನಿಗೆ "ಇದು ಲೆಕ್ಕಕ್ಕಿಲ್ಲ" ಅನ್ನುವ ಈ ಕೆಲಸಕ್ಕೆ ಒಂದು ಥರದ ದಪ್ಪ ಚರ್ಮ ಬೇಕು. ಅದು ನನಗೆ ಹುಟ್ಟಿನಿಂದ ಬಂದಿದೆ. ಚರ್ಮದ ಕೆಳಗೆ ಇರಬೇಕಾದ ಮಾಂಸಖಂಡ ಮಾತ್ರ ಇನ್ನೂ ಬರಬೇಕಾಗಿದೆ.

ಬಸ್ಕಿಯ ಜೊತೆ ನನ್ನ ಸಂಬಂಧ ಸ್ಕೂಲಿನಲ್ಲಿ ಶುರುವಾಯಿತು. ನಮ್ಮ ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಸಾಲು ಬರೆದಾಗಲೆಲ್ಲ ಪ್ಯಾಂಟು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಅವರ ಬೆನ್ನ ಹಿಂದೆ ನಿಂತು ನಾನೂ ಎಳೆದುಕೊಳ್ಳುತ್ತಿದ್ದೆ. ಒಂದು ದಿನ ಅವರು ಎಳೆದುಕೊಳ್ಳದೆ ತಿರುಗಿಬಿಟ್ಟರು. ಕಿವಿ ಹಿಡಿದು ಬಸ್ಕಿ ಹೊಡೆಯುವ ಶಿಕ್ಷೆಯಾಯಿತು. ನಾನು ಜಾಣ, ಅರ್ಧ ಕೂತು ಎದ್ದೆ. ಮೇಷ್ಟ್ರು ಶಾಂತವಾಗಿ ಹೇಳಿದರು: "ಲೆಕ್ಕದಲ್ಲಿ ಎರಡು ಅರ್ಧ ಸೇರಿದರೆ ಒಂದು. ಬಸ್ಕಿಯಲ್ಲಿ ಎರಡು ಅರ್ಧ ಸೇರಿದರೆ ಸೊನ್ನೆ. ಮೊದಲಿಂದ ಹೊಡಿ." ಅವರ ಹತ್ತಿರ ನಾನು ಕಲಿತ ಒಂದೇ ಲೆಕ್ಕ ಅದು. ಇವತ್ತಿಗೂ ಅದರಲ್ಲೇ ಹೊಟ್ಟೆ ಹೊರೆಯುತ್ತಿದ್ದೇನೆ ಎನ್ನಲಾರೆ, ಜಡ್ಜುಗಳಿಗೆ ಕೊಡುವುದು ಒಂದು ಟೀಶರ್ಟು ಮತ್ತು ಉಪ್ಪಿಟ್ಟು.

ಅಣಕ ಮಾಡುವುದು ನನ್ನ ನಿಜವಾದ ಕಸುಬು. ಕಂಡಕ್ಟರು ಚಿಲ್ಲರೆ ಇಲ್ಲ ಅನ್ನುವುದು, ಪುರೋಹಿತರು ಮಂತ್ರದ ಮಧ್ಯೆ ಫೋನು ನೋಡುವುದು, ನಮ್ಮಪ್ಪ ಟೀವಿ ನೋಡುತ್ತ ನಿದ್ದೆಹೋಗಿ "ನಾನು ನೋಡ್ತಾನೇ ಇದೀನಿ" ಅನ್ನುವುದು, ಎಲ್ಲ ಬರುತ್ತದೆ. ಅಣಕ ಅಂದರೆ ಜನ ಬಾಯಿಯ ಕೆಲಸ ಅಂದುಕೊಂಡಿದ್ದಾರೆ. ಅಲ್ಲ, ಅದು ಕಣ್ಣಿನ ಕೆಲಸ. ಒಬ್ಬ ಮನುಷ್ಯ ಎಲ್ಲಿ ಬಗ್ಗುತ್ತಾನೆ, ಎಲ್ಲಿ ಬಗ್ಗಿದಂತೆ ನಟಿಸುತ್ತಾನೆ, ಇದು ಗೊತ್ತಾಗದೆ ಅವನನ್ನು ಅಣಕಿಸಲು ಆಗುವುದಿಲ್ಲ. ಚಾಮರಾಜಪುರಂ ಕಡೆಯ ಒಂದು ಜಿಮ್ಮಿಗೆ ಮೈ ಬರಿಸಿಕೊಳ್ಳಲು ಸೇರಿದ ನನಗೆ ಮೈ ಬರಲಿಲ್ಲ, ಎಲ್ಲರ ಕಳ್ಳತನ ಕಣ್ಣಿಗೆ ಬಂತು. ದಂಡ ಹೊಡೆಯುವಾಗ ಎದೆ ಇಳಿಸದೆ ಬರೀ ಕತ್ತು ಆಡಿಸುವವರನ್ನು ಬಟ್ಟಲ ನೀರು ಕುಡಿಯುವ ಕೋಳಿ ಎಂದೆ, ಮಾಡಿ ತೋರಿಸಿದೆ. ಕಂಬಿಗೆ ಜೋತುಬಿದ್ದು ಗಲ್ಲ ಮೇಲೆ ತರಲಾರದೆ ಮೂಗನ್ನಷ್ಟೇ ಚಾಚುವವರನ್ನು ಕಾಂಪೌಂಡಿನಾಚೆ ಏನು ಜಗಳ ಎಂದು ಇಣುಕುವ ಪಕ್ಕದ ಮನೆಯವರು ಎಂದೆ, ಅದನ್ನೂ ಮಾಡಿ ತೋರಿಸಿದೆ. ಆಮೇಲೆ ನನ್ನದೇ ಭಾರ ಎತ್ತುವ ಶೈಲಿ ತೋರಿಸಿದೆ: ತುಂಬಿದ ಗ್ಯಾಸ್ ಸಿಲಿಂಡರನ್ನು ಖಾಲಿ ಎಂದುಕೊಂಡು ಎತ್ತಹೋದವನ ಮುಖ.

ಅಲ್ಲಿಗೆ ಬರುತ್ತಿದ್ದ ಶೈಲಜಾ ಮೇಡಂ, ಹೈಸ್ಕೂಲಿನಲ್ಲಿ ವ್ಯಾಯಾಮ ಕಲಿಸುವವರು, ಸ್ಪರ್ಧೆಗಳಿಗೆ ಮುಖ್ಯ ಜಡ್ಜು, ಎಲ್ಲ ನೋಡಿ ನಗಲಿಲ್ಲ. "ನೀನು ನಮಗೆ ಬೇಕು ಕಣಪ್ಪ. ತಪ್ಪು ಎಲ್ಲಿದೆ ಅಂತ ಇಷ್ಟು ಸರಿಯಾಗಿ ಯಾರೂ ಮಾಡಿ ತೋರಿಸಿಲ್ಲ" ಅಂದರು. ಹೀಗೆ ಜಡ್ಜಾದೆ. ಅವರು ನಮಗೆ ಬಸ್ಕಿಯ ನಿಯಮ ಹೇಳಿಕೊಟ್ಟದ್ದು ಎರಡೇ ಮಾತಿನಲ್ಲಿ. ಕೆಳಗೆ ಹೋದಾಗ ತೊಡೆಯ ಸಂದು ಮಂಡಿಗಿಂತ ಕೆಳಗಿರಬೇಕು. ಮೇಲೆ ಬಂದಾಗ ಮಂಡಿ, ಸೊಂಟ ಎರಡೂ ನೆಟ್ಟಗಾಗಬೇಕು. "ಇಷ್ಟೇ. ಬಂದಿರೋರು ಯಾರ ಮಗ, ಎಷ್ಟು ಕಷ್ಟಪಟ್ಟ, ಎಷ್ಟು ಚೆನ್ನಾಗಿ ನಕ್ಕ, ಅದೆಲ್ಲ ನಿಮಗೆ ಸಂಬಂಧ ಇಲ್ಲ."

ಸಂಬಂಧ. ಈಗ ಮಾದೇವ ಮಾವನ ವಿಷಯಕ್ಕೆ ಬರಬೇಕು.

ಮಾದೇವ ಮಾವ ನಮ್ಮಮ್ಮನ ತಮ್ಮ. ದೇವರಾಜ ಮೊಹಲ್ಲಾದಲ್ಲಿ ಹಗ್ಗದ ಅಂಗಡಿ. ಹಗ್ಗ, ಗೋಣಿಚೀಲ, ಕಸಬರಿಕೆ. ಐವತ್ತು ದಾಟಿದರೂ ತೋಳು ಹಡಗಿನ ಹಗ್ಗದ ಹಾಗಿದೆ. ಕಾರಣ ಗರಡಿ. ಕುಸ್ತಿಗೆ ನಿಲ್ಲುವುದನ್ನು ಯಾವತ್ತೋ ಬಿಟ್ಟರೂ, ಮೊಹಲ್ಲಾದ ಹಿಂದಿನ ಓಣಿಯ ಆ ಗರಡಿಗೆ ದಿನಾ ಬೆಳಿಗ್ಗೆ ಹೋಗಿ, ಹನುಮಂತನ ಪಟಕ್ಕೆ ಕೈಮುಗಿದು, ಹುಡುಗರಿಗೆ ಪಟ್ಟು ಹೇಳಿಕೊಟ್ಟು ಬರುತ್ತಾರೆ. ಚಿಕ್ಕಂದಿನಲ್ಲಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಎಣ್ಣೆ, ಅರಿಶಿನ ಬೆರೆತ ಕೆಮ್ಮಣ್ಣಿನ ಆ ತಂಪು ವಾಸನೆ ಈಗಲೂ ಮೂಗಿನಲ್ಲಿದೆ. ಒಂದಿಷ್ಟು ಮಣ್ಣು ಬಾಯಿಗೂ ಹೋಗಿತ್ತು, ಯಾಕೆಂದರೆ ಕುಸ್ತಿಯಲ್ಲಿ ನಾನು ಹೆಚ್ಚಾಗಿ ಬೋರಲೇ ಇರುತ್ತಿದ್ದೆ.

ಮಾವನ ಬಸ್ಕಿ ನೋಡಬೇಕು ನೀವು. ಹಗ್ಗ ಹರಿದ ಬಿಂದಿಗೆಯ ಹಾಗೆ ಸರ್ರನೆ ಕೆಳಗೆ, ತಳ ಮುಟ್ಟಿದ ಕೂಡಲೇ ಚಿಮ್ಮಿ ಮೇಲೆ. ಆದರೆ ಪೂರ್ತಿ ಮೇಲಲ್ಲ. ಮಂಡಿ ಇನ್ನೂ ಬಾಗಿರುವಾಗಲೇ ಮತ್ತೆ ಕೆಳಗೆ. ಮೂಗಿನಲ್ಲಿ ಹೂಂ, ಹೂಂ ಎಂಬ ತಾಳ. ಕೇಳಿದ್ದಕ್ಕೆ, "ಕುಸ್ತೀಲಿ ಮಂಡಿ ನೆಟ್ಟಗೆ ಮಾಡುದ್ಯೋ, ಎದುರಿಗಿರೋನು ಕಾಲಿಗೆ ಕೈ ಹಾಕ್ತಾನೆ, ನೀನು ಆಕಾಶ ನೋಡ್ತೀಯ" ಎಂದಿದ್ದರು. ಗರಡಿಯಲ್ಲಿ ಎಲ್ಲರದೂ ಹೀಗೇ. ಅವರ ಗುರು ಕಲಿಸಿದ್ದೂ ಹೀಗೇ.

ಅದು ನನ್ನ ಅಣಕದ ಪಟ್ಟಿಯಲ್ಲಿ ಮೊದಲ ಐಟಂ ಆಗಿಹೋಯಿತು. ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲಿ ನೆಂಟರು ಸೇರಿದರೂ ಊಟವಾದ ಮೇಲೆ ರತ್ನತ್ತೆ, ಅಂದರೆ ಮಾವನ ಹೆಂಡತಿಯೇ, ಸೆರಗು ಬಾಯಿಗಿಟ್ಟುಕೊಂಡು ಕೇಳುವರು: "ಪ್ರಸ್ಸಿ, ನಿಮ್ಮ ಮಾವಂದು ಒಂದ್ಸಲ ಮಾಡೋ." ಮಾವ ಕೊನೆಯ ಪಂಕ್ತಿಗೆ ಬಡಿಸುವುದನ್ನು ನೋಡಿಕೊಳ್ಳುತ್ತ ಊಟದ ಹಾಲಿನಲ್ಲಿರುವ ಹೊತ್ತು ಅದು. ಬಾಗಿಲಿಗೆ ಒಬ್ಬರನ್ನು ಕಾವಲಿಗೆ ಬಿಟ್ಟು ನಾನು ಶುರುಮಾಡುತ್ತಿದ್ದೆ. ಹೂಂ, ಹೂಂ. ಆ ಬಾಗಿದ ಮಂಡಿ ಬಂದಾಗಲೇ ಜನ ಬಿದ್ದು ಬಿದ್ದು ನಗುತ್ತಿದ್ದುದು. ಇಡೀ ಬಳಗ ನೋಡಿತ್ತು, ಮಾವನೊಬ್ಬರನ್ನು ಬಿಟ್ಟು.

ಈಗ ನಡೆದದ್ದು ಹೇಳುತ್ತೇನೆ. ನಮ್ಮ ಜಿಮ್ಮಿನ ಚಂದನ್ ಎಂಬ ಹುಡುಗ ಮಾವನ ಅಂಗಡಿಗೆ ದಪ್ಪ ಹಗ್ಗ ಕೊಳ್ಳಲು ಹೋದ. ಅಂಗಡಿ ತೋರಿಸಲು ನಾನೂ ಹೋಗಿದ್ದೆ.

"ಇಷ್ಟು ದಪ್ಪದ್ದು ತಗೊಂಡು ಏನ್ ಮಾಡ್ತೀರಪ್ಪ?" ಎಂದರು ಮಾವ.

"ನೆಲಕ್ಕೆ ಬಡೀತೀವಿ ಅಂಕಲ್. ಎಕ್ಸರ್‌ಸೈಜು."

"ಪಾಪ, ಅದೇನ್ ತಪ್ಪು ಮಾಡ್ತು?" ಮಾವ ಹಗ್ಗವನ್ನು ನೇವರಿಸಿದರು. "ಎಕ್ಸರ್‌ಸೈಜಿಗೆ ಹಗ್ಗ ಯಾಕೆ, ಮೈ ಸಾಲದಾ? ನೋಡಿಲ್ಲಿ." ಗೋಣಿಚೀಲಗಳ ನಡುವೆ ಇಳಿದು ಹತ್ತಾರು ಬಸ್ಕಿ ಹೊಡೆದೇಬಿಟ್ಟರು.

ಚಂದನ್ ನಿಜವಾಗಿಯೂ ಬೆರಗಾದ. ಆದರೆ ಅವನ ನಾಲಿಗೆಗೆ ಬೀಗವಿಲ್ಲ. "ಸೂಪರ್ ಅಂಕಲ್. ಆದ್ರೆ ನಮ್ಮ ರೂಲ್ಸಲ್ಲಿ ಇದು ಅರ್ಧ. ಮೇಲೆ ಪೂರ್ತಿ ನಿಲ್ಲಲ್ಲ ನೀವು."

ಅರ್ಧ. ಮೀಸೆ ಬಂದಾಗಿನಿಂದ ಬಸ್ಕಿ ಹೊಡೆದ ಮನುಷ್ಯನಿಗೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಚಂದನ್ ಹೋದ ಮೇಲೆ ನಾನು, "ಮಾವ, ಅವನು ಹೇಳಿದ್ದು ನಿಜ. ಮೇಲೆ ಮಂಡಿ ಬಗ್ಗಿರುತ್ತೆ ನಿಮ್ದು" ಅಂದೆ.

ಮಾವ ಬಿದ್ದು ಬಿದ್ದು ನಕ್ಕರು. "ಥೇಟ್ ಅವನಂಗೇ ಅಂದೆ ಕಣೋ. ಇನ್ನೊಂದ್ಸಲ ಅನ್ನು, ನಿಮ್ಮತ್ತೆಗೂ ಕೇಳಿಸ್ಬೇಕು."

ನೋಡಿ, ಇದು ನನ್ನ ಹಣೆಬರಹ. ಎಲ್ಲರ ದನಿಯಲ್ಲೂ ಮಾತಾಡಿ ಮಾತಾಡಿ, ನನ್ನ ದನಿಯಲ್ಲಿ ಆಡಿದ್ದನ್ನು ಯಾರೂ ನಂಬುವುದಿಲ್ಲ.

ಮಾರನೆಯ ದಿನ ಮಾವ ನಮ್ಮ ಜಿಮ್ಮಿನವರ ಮುಂದಿನ ಸ್ಪರ್ಧೆಗೆ ಹೆಸರು ಕೊಟ್ಟರು, ಹಿರಿಯರ ವಿಭಾಗದಲ್ಲಿ. ಅಷ್ಟೇ ಆಗಿದ್ದರೆ ಸರಿ. ಗರಡಿಯಲ್ಲಿ ಎಲ್ಲರ ಎದುರಿಗೆ, "ನನ್ನ ಬಸ್ಕೀನ ಆ ಜಿಮ್ಮಿನೋರು ಲೆಕ್ಕಕ್ಕೆ ತಗೊಳ್ಳಿಲ್ಲ ಅಂದ್ರೆ, ನಾನಿನ್ನು ಈ ಮಣ್ಣಿಗೆ ಇಳಿಯಲ್ಲ. ಅರ್ಧ ಬಸ್ಕಿ ಹೊಡೆಯೋನು ಹುಡುಗ್ರಿಗೆ ಏನ್ ಕಲಿಸ್ತಾನೆ" ಎಂದು ಮಾತು ಕೊಟ್ಟು ಬಂದರು. ಮಾವ ಮಾತು ಕೊಟ್ಟರೆ ಮುಗಿಯಿತು. ಒಮ್ಮೆ ಸಿಟ್ಟಿನಲ್ಲಿ ಕಾಫಿ ಬಿಡುತ್ತೇನೆ ಎಂದವರು ಇವತ್ತಿಗೂ ಬಿಸಿನೀರು ಕುಡಿಯುತ್ತ, ಪಕ್ಕದವರ ಲೋಟವನ್ನು ಕಣ್ಣಲ್ಲೇ ಕುಡಿಯುತ್ತಾರೆ. ರತ್ನತ್ತೆ ಫೋನು ಮಾಡಿ, "ಗರಡಿ ಬುಟ್ಟು ಇವರು ಬೆಳಿಗ್ಗೆ ಹೊತ್ತು ಮನೇಲಿ ಕೂತ್ರೆ ನನ್ನ ಗತಿ ಏನೋ ಪ್ರಸ್ಸಿ" ಎಂದರು. ನಗುತ್ತಲೇ ಹೇಳಿದರು, ಆದರೆ ಕೊನೆಗೆ ದನಿ ಸಣ್ಣಗಾಯಿತು.

ಸ್ಪರ್ಧೆ ನಡೆದದ್ದು ಚಾಮರಾಜಪುರಂನ ಒಂದು ಸ್ಕೂಲ್ ಮೈದಾನದಲ್ಲಿ, ಭಾನುವಾರ ಬೆಳಿಗ್ಗೆ. ಹಿರಿಯರ ವಿಭಾಗಕ್ಕೆ ನೂರು ಬಸ್ಕಿ. ಗೊತ್ತುಮಾಡಿದ ಸಮಯದೊಳಗೆ ಯಾರೂ ನೂರು ಮುಟ್ಟದಿದ್ದರೆ, ಹೆಚ್ಚು ಹೊಡೆದವರು ಗೆದ್ದಂತೆ. ಮಾವ ಬಿಳಿ ಬನಿಯನ್ನು, ಇಸ್ತ್ರಿ ಹೊಡೆದ ಖಾಕಿ ಚಡ್ಡಿ, ಹಣೆಗೆ ಗರಡಿಯ ಕೆಮ್ಮಣ್ಣು. ಅವರ ಹಿಂದೆ ಗರಡಿಯ ಬಳಗವೇ ಬಂದು ಕಾಂಪೌಂಡಿನ ಗೋಡೆ ಹತ್ತಿ ಕೂತಿತ್ತು. ಮುಂದಾಳು ಪಾಪಣ್ಣ, ಮಾವನ ಜೊತೆ ಕುಸ್ತಿ ಕಲಿತವರು, ಮೈಸೂರಿನ ಅರ್ಧಕ್ಕೆ ಕೇಳುವಷ್ಟು ಗಂಟಲು. ಗೋಡೆಯ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ರತ್ನತ್ತೆ.

ಲೇನುಗಳ ಹಂಚಿಕೆ ನೋಡಿದೆ. ಮಾವನ ಎದುರಿಗೆ ನಾನು. ಶೈಲಜಾ ಮೇಡಂ ಹತ್ತಿರ ಓಡಿದೆ.

"ಮೇಡಂ, ಅವರು ನಮ್ಮ ಸೋದರಮಾವ."

"ಆ ಕಡೆ ಲೇನಲ್ಲಿರೋರು ನಮ್ಮ ಯಜಮಾನ್ರು" ಎಂದರು ಅವರು, ಸೀಟಿಯ ದಾರ ಬಿಡಿಸುತ್ತ. "ಇದು ಮೈಸೂರು ಕಣಪ್ಪ. ನೆಂಟರಲ್ಲದೋರನ್ನ ಹುಡುಕ್ಕೊಂಡು ಎಲ್ಲಿಗೆ ಹೋಗಲಿ? ಇರೋರು ಇಷ್ಟೇ ಜಡ್ಜು. ಯಾಕೆ, ನಿನ್ನ ಕೈ ಅಡ್ಡ ಹೋಗಲ್ವಾ?"

ಸೀಟಿ ಕೂಗಿತು. ಮಾವ ನನ್ನನ್ನು ನೋಡಿ ಕಣ್ಣು ಹೊಡೆದರು, ಇಳಿದರು. ಎಂಥ ಆಳ ಅಂತೀರಿ. ಚಿಮ್ಮಿ ಬಂದರು, ಮಂಡಿ ಬಾಗಿದ್ದಾಗಲೇ ಮತ್ತೆ ಇಳಿದರು.

"ನೋ ರೆಪ್" ಎಂದೆ, ಕೈ ಅಡ್ಡ ಮಾಡಿ.

ಮಾವ ನಕ್ಕರು. ನಕ್ಕು ಮುಂದುವರಿಸಿದರು. ಹೂಂ, ಹೂಂ.

"ನೋ ರೆಪ್. ಮಾವ, ಮೇಲೆ ನೆಟ್ಟಗೆ ನಿಲ್ಲಬೇಕು."

"ಲೇ, ಆ ಮೇಡಂ ಥರ ಚೆನ್ನಾಗೇ ಮಾಡ್ತೀಯ. ಈಗ ಎಣಿಸು."

"ಮಾವ, ನಾನು ತಮಾಷೆ ಮಾಡ್ತಿಲ್ಲ."

"ಇದು ನಿಮ್ಮಪ್ಪನ ಥರ" ಎಂದು ಇನ್ನಷ್ಟು ಖುಷಿಯಿಂದ ಇಳಿದರು.

ಗೋಡೆಯ ಮೇಲಿಂದ ಪಾಪಣ್ಣ ಊರಿಗೆಲ್ಲ ಕೇಳುವಂತೆ ಎಣಿಸುತ್ತಿದ್ದರು, "ಹದಿನೈದು, ಹದಿನಾರು, ಹದಿನೇಳು." ಗೋಡೆಯ ಮೇಲೆ ಹದಿನೇಳು, ನನ್ನಲ್ಲಿ ಸೊನ್ನೆ. ಪಕ್ಕದ ಲೇನಿನಲ್ಲಿ ಮೇಡಂ ಯಜಮಾನರು ಮಜ್ಜಿಗೆ ಕಡೆಯುವ ವೇಗದಲ್ಲಿ, ಆದರೆ ಪೂರ್ತಿ ಕೂತು ಪೂರ್ತಿ ಎದ್ದು, ಆರಕ್ಕೆ ಬಂದಿದ್ದರು. ತಪ್ಪಿಸಿಕೊಳ್ಳುವುದಕ್ಕೆ ನನಗೆ ಸುಲಭದ ದಾರಿ ಇತ್ತು. ಪಾಪಣ್ಣನ ಲೆಕ್ಕವನ್ನೇ ನಾನೂ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ, ಮಾವ ಗೆದ್ದು ಹಾರ ಹಾಕಿಸಿಕೊಂಡು ಗರಡಿಗೆ ಹೋಗುತ್ತಿದ್ದರು. ಆದರೆ ಆ ಬಾಗಿದ ಮಂಡಿ ಬಾಗಿದೆ ಎಂದು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಅದರಿಂದಲೇ ಎಷ್ಟೋ ಮದುವೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದವನು. ಅಲ್ಲಿ ಬಾಗಿದೆ ಎಂದು ನಗಿಸಿ, ಇಲ್ಲಿ ನೆಟ್ಟಗಿದೆ ಎಂದು ಎಣಿಸುವುದೇ?

ಬಾಯಿಂದ ಹೇಳಿದ್ದನ್ನು ಮಾವ ನಂಬುವುದಿಲ್ಲ. ಉಳಿದದ್ದು ಒಂದೇ. ತಪ್ಪೇನೆಂದು ಜಡ್ಜು ಸನ್ನೆಯಲ್ಲಿ ತೋರಿಸಬಹುದು ಎಂದು ನಿಯಮದಲ್ಲಿದೆ. ಸನ್ನೆ ಎಷ್ಟು ದೊಡ್ಡದಿರಬೇಕು ಎಂದು ಇಲ್ಲ. ಟೀಶರ್ಟು ಮೇಲಕ್ಕೆಳೆದುಕೊಂಡೆ. ಮಾವನ ಎದುರಿಗೆ, ಅವರ ಬಳಗದ ಎದುರಿಗೆ, ಮಾವನಾಗಿ ಇಳಿದೆ.

ಹಗ್ಗ ಹರಿದ ಬಿಂದಿಗೆ. ಹೂಂ. ಮೇಲೆ ಬಂದು, ಮಂಡಿ ಬಾಗಿದ್ದಲ್ಲೇ ನಿಂತೆ. ಕದಲದೆ ಹಾಗೇ ನಿಂತು, ನನ್ನ ಮಂಡಿಯನ್ನು ನಾನೇ ಬೆರಳಿನಿಂದ ತೋರಿಸಿ, ಕೈ ಅಡ್ಡ ಮಾಡಿದೆ.

ಪಾಪಣ್ಣನ ಎಣಿಕೆ ಇಪ್ಪತ್ತಮೂರಕ್ಕೆ ನಿಂತುಹೋಯಿತು. ಆ ಗಳಿಗೆಯಲ್ಲಿ ಒಂದೇ ಒಂದು ಸದ್ದು ಬಂತು. ರತ್ನತ್ತೆಯ ನಗು. ತಡೆಯಲು ಹೋಗಿ ತಡೆಯಲಾಗದೆ, ಸೆರಗಿನ ಸಂದಿಯಿಂದ ಚಿಮ್ಮಿದ, ಮದುವೆ ಮನೆಗಳಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಅದೇ ನಗು.

ಮಾವ ನಿಂತರು. ಹೆಂಡತಿಯನ್ನು ನೋಡಿದರು. ನನ್ನ ಮಂಡಿ ನೋಡಿದರು. ಕೊನೆಗೆ ಬಗ್ಗಿ ತಮ್ಮ ಮಂಡಿ ನೋಡಿಕೊಂಡರು.

"ಇದು ನಾನಾ?"

"ಹೌದು ಮಾವ."

"ಯಾವಾಗಿಂದ ಮಾಡ್ತಿದೀಯ ಇದನ್ನ?"

"ಪುಟ್ಟಿ ಮದುವೆಯಿಂದ." ಪುಟ್ಟಿ ಅವರ ದೊಡ್ಡ ಮಗಳು. ಅವಳ ಮಗು ಈಗ ಸ್ಕೂಲಿಗೆ ಹೋಗುತ್ತದೆ.

ಮಾವನ ಕಿವಿ ಕೆಂಪಗಾಯಿತು. ಗಡಿಯಾರ ಓಡುತ್ತಿತ್ತು. ಬಿಟ್ಟು ಹೋಗಿಬಿಡುತ್ತಾರೆ ಎಂದುಕೊಂಡೆ. ಅವರು ಬನಿಯನ್ನಿನಿಂದ ಮುಖ ಒರೆಸಿಕೊಂಡರು.

"ಅದನ್ನ ಆಮೇಲೆ ವಿಚಾರಿಸ್ಕೋತೀನಿ. ಮೇಲೆ ಎಂಗೆ ನಿಲ್ಬೇಕು, ಅದನ್ನ ಮಾಡಿ ತೋರಿಸು."

ಹೊಸದಾಗಿ ಮದುವೆಯಾದವನು ಸ್ಟುಡಿಯೋದಲ್ಲಿ ಫೋಟೊಗೆ ನಿಂತ ಹಾಗೆ ನಿಂತು ತೋರಿಸಿದೆ. ಮಾವ ಇಳಿದರು, ಎದ್ದರು, ಸೊಂಟ ಬಿಗಿದು ಆ ಫೋಟೊದ ಮದುಮಗನಾದರು.

"ಒಂದು" ಎಂದೆ.

ನನ್ನ ಗಂಟಲಿನಿಂದ ಹೊರಟ ಆ ದನಿ ಯಾರದು ಎಂದು ನನಗೇ ಒಂದು ಕ್ಷಣ ತಿಳಿಯಲಿಲ್ಲ. ಯಾರದೂ ಆಗಿರಲಿಲ್ಲ, ನನ್ನದೇ. ಎರಡು. ಮೂರು. ಅಷ್ಟು ಹೊತ್ತೂ ಚಿಮ್ಮುತ್ತಿದ್ದ ಮನುಷ್ಯ ಈಗ ಒಂದೊಂದು ಸಲವೂ ಪೂರ್ತಿ ನಿಂತು, ಹದ ಹುಡುಕಿ ಮತ್ತೆ ಇಳಿಯಬೇಕಾಗಿತ್ತು. ತಾಳವೇ ತಪ್ಪಿಹೋಗಿತ್ತು, ತೊಡೆ ನಡುಗುತ್ತಿತ್ತು. ನಡುವೆ ಎರಡು ಸಲ ಹಳೆಯ ಅಭ್ಯಾಸ ಇಣುಕಿತು, ಎರಡು ಸಲವೂ ನನ್ನ ಕೈ ಅಡ್ಡ ಹೋಯಿತು, ಎರಡು ಸಲವೂ ಮಾವ ಮತ್ತೆ ಮಾಡಿದರು. ಗೋಡೆಯ ಮೇಲೆ ಪಾಪಣ್ಣ ತಮ್ಮ ಲೆಕ್ಕ ಬಿಟ್ಟು, ನನ್ನ ತುಟಿ ನೋಡಿಕೊಂಡು, ನಾನು ಹೇಳಿದ್ದನ್ನೇ ಕೂಗತೊಡಗಿದರು. ಅಷ್ಟು ದೊಡ್ಡ ಗಂಟಲು ನನ್ನನ್ನು ಅಣಕಿಸಿದ್ದು ಅದೇ ಮೊದಲು.

ಸೀಟಿ ಊದಿದಾಗ ಐವತ್ತೊಂದು. ನೂರಕ್ಕೆ ಹತ್ತಿರವೂ ಇಲ್ಲ. ಮಜ್ಜಿಗೆ ಕಡೆದವರು ಗೆದ್ದರು. ಮಾವ ಮೈದಾನದ ಮೇಲೆ ಅಂಗಾತ ಬಿದ್ದು, ಕುಸ್ತಿಯಲ್ಲಿ ಯಾರಿಗೂ ತೋರಿಸದ ಬೆನ್ನನ್ನು ಮಣ್ಣಿಗೆ ಕೊಟ್ಟು, ಆಕಾಶ ನೋಡುತ್ತ ಕೇಳಿದರು.

"ಇದರಲ್ಲಿ ಅರ್ಧ ಎಷ್ಟು?"

"ಒಂದೂ ಇಲ್ಲ ಮಾವ. ಐವತ್ತೊಂದೂ ಪೂರ್ತಿ."

"ನೆಂಟಸ್ತಿಕೆ?"

"ಅದೂ ಇಲ್ಲ."

ಮಾವ ಕತ್ತು ತಿರುಗಿಸಿ, ನೀರಿನ ಬಾಟಲಿ ಹಿಡಿದು ನಿಂತಿದ್ದ ಚಂದನ್‌ನನ್ನು ಕರೆದರು. "ಕೇಳುಸ್ಕೊಂಡ್ಯಾ ಮರಿ? ಐವತ್ತೊಂದು, ಪೂರ್ತಿ. ನೀರು ಕೊಡು."

ಬಸ್ಕಿ ಲೆಕ್ಕಕ್ಕೆ ಬಂದಿತ್ತು, ಕೊಟ್ಟ ಮಾತೂ ಉಳಿದಿತ್ತು; ಮಾರನೆಯ ಬೆಳಿಗ್ಗೆ ಮಾವ ಎಂದಿನಂತೆ ಗರಡಿಗೆ ಹೋದರು. ಪಾಪಣ್ಣ ಹೇಳಿದ ಪ್ರಕಾರ, ಮಂಡಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ಹೋದರು, ಆದರೆ ಹೋದರು, ಮಣ್ಣಿಗೂ ಇಳಿದರು. ನನ್ನ ಜೊತೆ ಮಾತ್ರ ಮಾತು ಬಿಟ್ಟರು. ಅಂಗಡಿಗೆ ಹೋದರೆ ಹಗ್ಗ ಅಳೆಯುತ್ತಿದ್ದರು, ಫೋನು ಮಾಡಿದರೆ ಅತ್ತೆಯ ಕೈಗೆ ಕೊಡುತ್ತಿದ್ದರು. "ಸಿಟ್ಟಿಲ್ಲ ಕಣೋ," ಎನ್ನುತ್ತಿದ್ದರು ಅತ್ತೆ, "ಕನ್ನಡಿ ಮುಂದೆ ಬಸ್ಕಿ ಹೊಡೀತಿದಾರೆ. ನನ್ನ ಜೊತೇನೂ ಮಾತಿಲ್ಲ, ನಾನು ನಕ್ಕುದ್ನಲ್ಲ."

ಹೋದ ತಿಂಗಳು ನೆಂಟರ ಮನೆಯ ಗೃಹಪ್ರವೇಶ. ಊಟವಾಯಿತು. ಮಾವ ಪಂಕ್ತಿ ನೋಡಿಕೊಳ್ಳಲು ಒಳಗೆ ಹೋದರು. ಚಾಪೆಯ ಮೇಲೆ ಸೇರಿದ ಬಳಗ ನನ್ನ ಮುಖ ನೋಡಿತು. ಬೇಡ ಎಂದೆ. ಬೇಡ ಎಂದು ಯಾರ ಥರ ಹೇಳಿದೆ ಎಂದು ಅವರವರಲ್ಲೇ ವಾದವಾಯಿತು. ಕೊನೆಗೆ ಎದ್ದು, ಪಂಚೆ ಎತ್ತಿಕಟ್ಟಿ ಇಳಿದೆ. ಹೂಂ, ಹೂಂ. ಮೂರನೆಯದಕ್ಕೆ ಬರುವಷ್ಟರಲ್ಲಿ ನಗು ನಿಂತುಹೋಯಿತು. ಕಾವಲಿಗಿದ್ದವನು ಬಾಗಿಲಲ್ಲಿರಲಿಲ್ಲ, ಮಾವ ಇದ್ದರು. ಕೈಯಲ್ಲಿ ತುಪ್ಪದ ಗಿಂಡಿ.

ಗಿಂಡಿಯನ್ನು ಪಕ್ಕದವರ ಕೈಗೆ ಕೊಟ್ಟರು. ಎರಡೂ ಕೈಯನ್ನು ಎದೆಯ ಮುಂದೆ, ನಮ್ಮ ಮೇಡಂ ಹೇಳಿಕೊಟ್ಟಷ್ಟೇ ಸ್ಪಷ್ಟವಾಗಿ, ಅಡ್ಡ ಮಾಡಿದರು.

"ನೋ ರೆಪ್" ಎಂದರು ಮಾವ. "ನಾನೀಗ ಅಂಗೆ ಮಾಡಲ್ಲ. ಹಳೇದನ್ನೇ ಮಾಡ್ಕೊಂಡು ಎಷ್ಟು ದಿನ ಜನಾನ ನಗಿಸ್ತೀಯೋ? ಮೊದಲಿಂದ ಹೊಡಿ."

ಮೊದಲಿಂದ ಹೊಡೆದೆ. ಕೆಳಗೆ ಪೂರ್ತಿ ಹೋದೆ, ತೊಡೆಯ ಸಂದು ಮಂಡಿಗಿಂತ ಕೆಳಗೆ, ಸ್ಕೂಲು ಬಿಟ್ಟ ಮೇಲೆ ಮೊದಲ ಸಲ; ಇಷ್ಟು ದಿನ ಅಣಕದಲ್ಲಿ ಆಳ ಹೋದಂತೆ ನಟಿಸುತ್ತಿದ್ದೆನಷ್ಟೆ. ಅಲ್ಲಿಂದ ಏಳುವುದು ಎಷ್ಟು ಕಷ್ಟ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಹೇಗೋ ಎದ್ದೆ, ಮಂಡಿ ನೆಟ್ಟಗೆ ಮಾಡಿದೆ, ಸೊಂಟ ಬಿಗಿದೆ, ಆ ಫೋಟೊದ ಮದುಮಗನಾದ ಮಾವನಾಗಿ ನಿಂತೆ. ಮಾವ ಹತ್ತಿರ ಬಂದು, ಬಗ್ಗಿ ನನ್ನ ಮಂಡಿಯ ಹಿಂದೆ ಬೆರಳಿಟ್ಟು ನೋಡಿ, ಹಗ್ಗ ಅಳೆಯುವವರ ನಿಧಾನದಲ್ಲಿ ಎದ್ದು ನಿಂತರು.

"ಒಂದು" ಎಂದರು.